ಮಾವನ ಒತ್ತುವರಿ ತೆರವು

ನಮ್ಮ ಸೋದರಮಾವನಿಗೆ ದೇವರ ಮೇಲೆ ಪೂರ್ತಿ ನಂಬಿಕೆ, ದೇವಸ್ಥಾನದ ಕಾಂಪೌಂಡಿನ ಮೇಲೆ ಮಾತ್ರ ಇಲ್ಲ. ದೊಮ್ಮಲೂರಿನ ಅವರ ಮನೆಯ ಪಕ್ಕಕ್ಕೇ ಗುಡಿ. ಮಂಗಳಾರತಿ ತೆಗೆದುಕೊಂಡು ಬರುವಾಗ ಗುಡಿಯ ಗೋಡೆಯಿಂದ ತಮ್ಮ ಮೆಟ್ಟಿಲವರೆಗೆ ಹೆಜ್ಜೆ ಹಾಕಿ ಅಳೆಯುತ್ತಾರೆ. ಗೋಡೆ ಮುಂದೆ ಬಂದಿಲ್ಲವೆಂದು ಖಾತ್ರಿಯಾದ ಮೇಲೆಯೇ ಪ್ರಸಾದ ಬಾಯಿಗೆ!

ಅವರಪ್ಪ ಸೊಪ್ಪು ಬೆಳೆಯುತ್ತಿದ್ದ ಜಮೀನನ್ನು ಊರು ನುಂಗಿತ್ತು. ಉಳಿದದ್ದರಲ್ಲಿ ಮಾವ ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಬ್ಬ ಬಾಡಿಗೆದಾರ, ಪಾಪ, ಪೋಸ್ಟ್‌ಮ್ಯಾನಿಗೆ ಗೊತ್ತಾಗಲಿ ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆದುಕೊಂಡ. ಮಾವ ಒದ್ದೆ ಬಟ್ಟೆ ಹಿಡಿದು ಬಂದರು.

“ಇವತ್ತು ಬಾಗಿಲ ಮೇಲೆ ಬರೀತೀಯ, ನಾಳೆ ಪಹಣೀಲಿ ಬರೀತೀಯ. ಅಳಿಸು.”

ಜಮೀನಿನ ಪಹಣಿಯ ಕಾಲಮ್ಮಿನಲ್ಲಿ ಯಾರದೋ ಹೆಸರು ಒಮ್ಮೆ ಕೂತುಬಿಟ್ಟರೆ ಏಳಿಸುವುದು ಎಷ್ಟು ಕಷ್ಟವೆಂದು ಆ ಕಡೆಯ ಹಳಬರಿಗೆಲ್ಲ ಗೊತ್ತು.

ಇಂಥವರು ಇಂಟರ್‌ನೆಟ್ಟಿಗೆ ಕಾಲಿಟ್ಟರೆ ಹೇಗಿರಬೇಡ? ಅವರ ಹೆಂಡತಿ, ನಮ್ಮ ಅತ್ತೆ, ಮಾಡುವ ಹಪ್ಪಳ ಸಂಡಿಗೆಗೆ ಹಲಸೂರಿನಿಂದ ಪುಲಿಕೇಶಿನಗರದವರೆಗೆ ಗಿರಾಕಿಗಳು. ಇಂದಿರಾನಗರದಲ್ಲಿ ಭಾನುವಾರ ನಡೆಯುವ ಒಂದು ಪ್ರದರ್ಶನದಲ್ಲಿ ಅತ್ತೆಗೆ ಮೊದಲ ಸಲ ಮಳಿಗೆ ಸಿಕ್ಕಿತು. ಮಾವ ತಡಮಾಡದೆ ಬೋರ್ಡು ಬರೆಸಿ, ಕೆಳಗೆ ಅತ್ತೆಯ ಹೆಸರಿನ ವೆಬ್‌ಸೈಟ್ ವಿಳಾಸವನ್ನೂ ಹಾಕಿಸಿಬಿಟ್ಟರು. ವೆಬ್‌ಸೈಟೇ ಇನ್ನೂ ಇರಲಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಶಿವಾಜಿನಗರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡುತ್ತ, ಆಗೀಗ ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದ ನನ್ನ ಕೊರಳಿಗೆ ಅದು ಬಿತ್ತು.

ವೆಬ್‌ಸೈಟಿನ ಹೆಸರು ಕೊಳ್ಳಲು ಸೈಬರ್ ಕೆಫೆಯಲ್ಲಿ ಕೂತಾಗ ಮಾವನ ಮೊದಲ ಪ್ರಶ್ನೆ:

“ಇದರ ಹಿಂದಿನ ಓನರ್ ಯಾರು?”

“ಯಾರೂ ಇಲ್ಲ ಮಾವ. ಹೊಸ ಹೆಸರು.”

“ಹಂಗಂತ ತುಂಬ ಜನ ಹೇಳವ್ರೆ.”

ಮಾಲೀಕರ ವಿವರವನ್ನೂ ಪಾಸ್‌ವರ್ಡನ್ನೂ ಒಂದೇ ಬೆರಳಲ್ಲಿ ಒತ್ತುವಾಗ ನನ್ನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದರು. ಅಕ್ಕನ ಮಗ ಬೇರೆ, ಆಸ್ತಿ ಬೇರೆ! ಕೆಲಸಕ್ಕೆ ಪಾಸ್‌ವರ್ಡ್ ಬೇಕೇ ಬೇಕು ಎಂದು ಹಟ ಹಿಡಿದ ಮೇಲೆ, ಉಪನಯನದ ಮಂತ್ರದ ಹಾಗೆ ಅದನ್ನು ಕಿವಿಯಲ್ಲಿ ಹೇಳಿದರು.

ಹೆಸರು ಇರುವುದು ಒಂದು ಕಂಪನಿಯಲ್ಲಿ, ವೆಬ್‌ಸೈಟಿನ ಪುಟಗಳಿರುವುದು ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ. ಎರಡನ್ನೂ ಜೋಡಿಸಲು ಹೆಸರಿನ ಖಾತೆಯೊಳಗೆ ಆ ಕಂಪ್ಯೂಟರಿನ ನಂಬರ್ ಬರೆಯಬೇಕು. ಬರೆದರೆ ಒಂದೆರಡು ದಿನದಲ್ಲಿ ಲೋಕಕ್ಕೆಲ್ಲ ತಿಳಿಯುತ್ತದೆ. ಸೋಮವಾರ ಬರೆದೆ. ಮಂಗಳವಾರ ನೋಡಿದರೆ ‘ಈ ವಿಳಾಸ ಸಿಗಲಿಲ್ಲ’. ಒಳಗೆ ಹೋಗಿ ನೋಡಿದರೆ ನಂಬರೇ ಇಲ್ಲ! ಮತ್ತೆ ಬರೆದೆ. ಬುಧವಾರ ಮತ್ತೆ ಮಾಯ. ಪುಟಗಳನ್ನಿಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, “ಸರ್, ನೀವು ನಂಬರೇ ಹಾಕಿಲ್ಲ,” ಎಂದು ನಯವಾಗಿ ಹೇಳಿದಳು. ನಾನು ಅವಳ ಮೇಲೆ ಹಾರಾಡಿದೆ.

ಇತ್ತ ಅತ್ತೆ ಮೆಲ್ಲಗೆ ಕೇಳಿದರು. “ಬೋರ್ಡಲ್ಲಿ ಆ ಸಾಲಿನ ಮೇಲೆ ಪೇಪರ್ ಅಂಟಿಸ್ಬಿಡ್ಲಾ? ನಾಲ್ಕು ಜನದ ಮುಂದೆ ಸುಳ್ಳು ಹೇಳ್ದಂಗಾಗುತ್ತೆ.”

ಗುರುವಾರ ಬೆಳಿಗ್ಗೆ ಮತ್ತೊಮ್ಮೆ ನಂಬರ್ ಬರೆದು, ಸಂಜೆ ದೊಮ್ಮಲೂರಿನ ಸೈಬರ್ ಕೆಫೆಗೆ ಹೋದರೆ ಮೂಲೆಯಲ್ಲಿ ಮಾವ! ತೋಳು ಮಡಚಿ, ಪರದೆಯನ್ನು ದುರುಗುಟ್ಟಿ ನೋಡುತ್ತ ಕೂತಿದ್ದರು.

“ಏನ್ ಮಾಡ್ತಿದೀರ ಮಾವ?”

“ಒತ್ತುವರಿ ತೆರವು.”

ಹೊಲದ ಬದು ನೋಡಿಕೊಂಡು ಬರುವ ಹಾಗೆ ದಿನಾ ಸಂಜೆ ಬಂದು ಖಾತೆ ತೆಗೆದು ನೋಡುತ್ತಿದ್ದರಂತೆ. “ಯಾವನೋ ದಿನಾ ನಮ್ಮ ಕಾಲಮ್ಮಲ್ಲಿ ತನ್ನ ನಂಬರ್ ಕೂರಿಸ್ತಾನೆ. ನಾನು ದಿನಾ ಕಿತ್ತಾಕ್ತೀನಿ. ಅವನೋ ನಾನೋ, ನೋಡೇಬಿಡ್ತೀನಿ.”

“ಅವನು ನಾನೇ, ಮಾವ.”

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಕ್ಕನ ಮಗ ಆಗಿ ಇಂಥ ಕೆಲಸ ಮಾಡ್ತೀಯ?”

ನಾನು ಅವರ ಭಾಷೆಯಲ್ಲೇ ಶುರು ಮಾಡಿದೆ. ಹೆಸರು ನಮ್ಮದು, ಮಾಲು ಇರೋದು ಬಾಡಿಗೆ ಗೋಡೌನಲ್ಲಿ, ಬಂದವರಿಗೆ ಗೋಡೌನ್ ದಾರಿ ತೋರಿಸುವ ನಂಬರ್ ಇದು.

“ನಾಳೆ ಗೋಡೌನ್‌ನೋನು ಹೆಸರೂ ನಂದೇ ಅಂದ್ರೆ?”

“ಅನ್ನಕ್ಕಾಗಲ್ಲ ಮಾವ. ನಿಮ್ಮ ಹೆಸರಲ್ಲಿ ರಿಜಿಸ್ಟರ್ ಆಗಿದೆ.”

“ನನ್ನ ಹೆಸರಲ್ಲೆಲ್ಲಿದೆ? ನಿಮ್ಮತ್ತೆ ಹೆಸರಲ್ಲಿದೆ.”

ತಮ್ಮ ಸ್ಕೂಟರಿನ ಚಕ್ರವನ್ನೂ ಇನ್ನೊಬ್ಬರ ಹೆಸರಿಗೆ ಬಿಡದ ಮನುಷ್ಯ ಇವರು! ಮಾವ ಪರದೆಯ ಕಡೆಯೇ ನೋಡುತ್ತ ಹೇಳಿದರು.

“ಕೆ.ಆರ್. ಪುರದಲ್ಲಿ ಅವಳ ತವರಿನ ಜಮೀನಿಗೆ ರೇಟ್ ಬಂತಲ್ಲ, ಆಗ ಅವಳ ಅಣ್ಣಂದ್ರು ಸೀರೆ, ಅರಿಶಿನ ಕುಂಕುಮ ಹಿಡ್ಕೊಂಡು ಬಂದ್ರು. ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರು. ಇವಳು ಓದಲೂ ಇಲ್ಲ, ಅಣ್ಣಂದ್ರಲ್ವಾ ಅಂತ ಹಾಕ್ಬಿಟ್ಲು. ನಾನು ಜಗುಲೀಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದೆ. ಬೇಡ ಕಣೇ ಅನ್ನಲಿಲ್ಲ. ಅವಳ ಹೆಸರಲ್ಲಿ ಇನ್ನೇನೂ ಇಲ್ಲ ಕಣೋ, ಇದೊಂದೇ.”

“ಅತ್ತೆ ಹೆಸರು ಅತ್ತೇದೇ ಇರುತ್ತೆ ಮಾವ, ನಾನಿದೀನಿ,” ಎಂದೆ. ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು, ನಾನು ಕೂತು ನಂಬರ್ ಮತ್ತೆ ಬರೆದೆ. ಕೈ ತಡೆಯುವುದಿಲ್ಲವೆಂದು ಶುಕ್ರವಾರ, ಶನಿವಾರ ಮಾವ ಆ ರಸ್ತೆಗೇ ಹೋಗಲಿಲ್ಲ.

ಭಾನುವಾರ ಪ್ರದರ್ಶನಕ್ಕೆ ಹೊರಡುವ ಮುಂಚೆ ಅತ್ತೆಯನ್ನೂ ಕರೆದುಕೊಂಡು ಸೈಬರ್ ಕೆಫೆಗೆ ಹೋದೆವು. ರೇಷ್ಮೆ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ವಿಳಾಸ ಒತ್ತಿದೆ. ಪುಟ ತೆರೆಯಿತು. ಮೇಲೆ ಅತ್ತೆಯ ಹೆಸರು, ಕೆಳಗೆ ಸಂಡಿಗೆ ಒಣಹಾಕಿದ ತಾರಸಿಯ ಫೋಟೋ. ಅತ್ತೆ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಇದು ನನ್ನ ಹೆಸರಲ್ಲೇ ಇದ್ಯಾ?”

“ಹೂಂ ಅತ್ತೆ. ಪೂರ್ತಿ ನಿಮ್ದೇ.”

“ಮತ್ತೆ ನಾನೆಲ್ಲೂ ಸೈನೇ ಹಾಕ್ಲಿಲ್ವಲ್ಲ?”

ಮಾವ ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. “ಬೇಕಾಗಿಲ್ಲ,” ಎಂದರು. “ಯಾರಾದ್ರೂ ಕೇಳ್ಕೊಂಡು ಬಂದ್ರೂ ಹಾಕ್ಬೇಡ. ನಾನೇ ಬಂದು ಕೇಳಿದ್ರೂ ಹಾಕ್ಬೇಡ.”