ಡಬ್ಬಿಯೊಳಗಿನವಳು ತೋರಿಸಿದ ದಾರಿ

ನನ್ನ ಕಾರಿನ ಮುಂದಿನ ಗಾಜಿಗೆ ಅಂಟಿಕೊಂಡಿರುವ ಜಿಪಿಎಸ್ ಯಂತ್ರವನ್ನು ಯಾರಾದರೂ ಡಬ್ಬಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹಾಗೆನ್ನಬಹುದು, ಅದು ಸಲಿಗೆ. ನನ್ನ ಹೆಂಡತಿ ಎನ್ನುವ ರಾಗವೇ ಬೇರೆ.

ನಾನು ಕನ್ನಡಕದ ಅಂಗಡಿ ಇಟ್ಟವನು. ಊರಿನ ಅರ್ಧ ಜನಕ್ಕೆ ಎದುರಿಗಿರುವ ದಾರಿ ಕಾಣುವುದೇ ನನ್ನ ಕೃಪೆಯಿಂದ. ಅಂಥವನಿಗೇ ದಾರಿ ಹೇಳಬಲ್ಲ ಯಂತ್ರವೆಂದರೆ ಅದರ ಯೋಗ್ಯತೆ ಎಷ್ಟಿರಬೇಕು, ನೀವೇ ಯೋಚಿಸಿ. ಮೊಬೈಲಿಗೇನು, ನೂರೆಂಟು ಉಸಾಬರಿ. ಅದೇ ಫೋನು, ಅದೇ ಕ್ಯಾಮೆರಾ, ಅದೇ ಟಾರ್ಚು. ನಡುವೆ ಪುರುಸೊತ್ತು ಸಿಕ್ಕರೆ ದಾರಿಯನ್ನೂ ಹೇಳುತ್ತದೆ. ನನ್ನ ಡಬ್ಬಿಯದು ಏಕನಿಷ್ಠೆ.

"ಏಕನಿಷ್ಠೆ ಅದಕ್ಕಲ್ಲ, ನಿಮಗೆ" ಎನ್ನುತ್ತಾಳೆ ಹೆಂಡತಿ. "ಅದರೊಳಗೆ ಒಬ್ಬಳು ಕೂತಿದಾಳಲ್ಲ, ಅವಳು ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ನಾನು ಬಚ್ಚಲಿನ ಬಲ್ಬ್ ಬದಲಾಯಿಸಿ ಅಂತ ಬಾಯಿ ನೋಯಿಸಿಕೊಂಡ್ರೂ ತಿರುಗಿ ನೋಡಲ್ಲ."

"ಅವಳ ಮಾತಿನ ರೀತಿ ನೋಡು. ನಾನು ದಾರಿ ತಪ್ಪಿದ್ರೂ ಬೈಯಲ್ಲ. ಸುಮ್ನೆ ಬೇರೆ ದಾರಿ ಹುಡುಕ್ತಾಳೆ" ಎಂದೆ. (ಆ ದಿನ ಊಟ ನಾನೇ ಬಡಿಸಿಕೊಂಡೆ.)

ಇಂಥ ಮನೆಗೆ ಒಂದು ಒಳ್ಳೆಯ ಸುದ್ದಿ ಬಂತು. ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ, ಮುಖ್ಯಸ್ಥೆಯಾಗಿ, ಅಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಆ ಆಸ್ಪತ್ರೆ ಈಗ ಊರಾಚೆ ಹೊಸ ಕಟ್ಟಡಕ್ಕೆ ಹೋಗಿದೆ. ಅಲ್ಲಿನ ಹೊಸ ಮಕ್ಕಳ ವಾರ್ಡನ್ನು ಅತ್ತೆಯವರೇ ರಿಬ್ಬನ್ ಕತ್ತರಿಸಿ ಉದ್ಘಾಟಿಸಬೇಕೆಂದು ಆಸ್ಪತ್ರೆಯವರು ಕೇಳಿಕೊಂಡರು, ಕಾರನ್ನೂ ಕಳಿಸುತ್ತೇವೆ ಎಂದರು.

"ಬೇಡ" ಎಂದೆ ನಾನು. "ಅಳಿಯ ಅಂತ ನಾನಿಲ್ವಾ? ಸರಿಯಾದ ಹೊತ್ತಿಗೆ ಬಾಗಿಲಲ್ಲಿ ಇಳಿಸ್ತೀನಿ."

ಹೆಂಡತಿ ನನ್ನನ್ನೊಮ್ಮೆ, ಕಿಟಕಿಯಾಚೆ ನಿಂತಿದ್ದ ಕಾರನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು.

ಆ ಬೆಳಿಗ್ಗೆ ಅತ್ತೆ ಗರಿಗರಿ ಇಸ್ತ್ರಿಯ ಬಿಳಿ ಬಟ್ಟೆಯಲ್ಲಿ ಮುಂದಿನ ಸೀಟಿನಲ್ಲಿ ಕೂತರು. ಮಾಡಬೇಕಾದ ಭಾಷಣವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಹೆಂಡತಿ ಹಿಂದೆ ಕೂತು ಮೊಬೈಲ್ ಮ್ಯಾಪ್ ತೆರೆದಳು.

"ಅದೆಲ್ಲ ಯಾಕೆ? ಡಬ್ಬಿಗೆ ಮೊನ್ನೆ ತಾನೇ ಹೊಸ ಮ್ಯಾಪ್ ಹಾಕಿಸಿದೀನಿ" ಎಂದೆ.

"ನಿಮ್ಮ ಮೊನ್ನೆ ನನಗೆ ಗೊತ್ತಿಲ್ವಾ? ಮದುವೆ ಫೋಟೋದಲ್ಲಿ ನಿಮಗೆ ತಲೆತುಂಬ ಕೂದಲಿದೆ. ಅದನ್ನ ನಂಬಿ ಈಗ ಬಾಚಣಿಗೆ ಕೊಳ್ಳೋಕಾಗತ್ತಾ?"

ಅತ್ತೆ ಕೆಮ್ಮಿದರು. ಅವರು ನಗು ನುಂಗುವುದು ಹಾಗೆ.

ಊರು ದಾಟುವ ನಾಲ್ಕುರಸ್ತೆಗೆ ಬಂದೆವು. ಡಬ್ಬಿ ಗಂಭೀರವಾಗಿ "ಎಡಕ್ಕೆ ತಿರುಗಿ" ಎಂದಿತು. ಅದೇ ಉಸಿರಿಗೆ ಹಿಂದಿನ ಸೀಟಿನಿಂದ ಮೊಬೈಲು "ಬಲಕ್ಕೆ ತಿರುಗಿ" ಎಂದಿತು. ನಾನು ಬ್ರೇಕ್ ಒತ್ತಿದೆ. ಬೆನ್ನ ಹಿಂದಿನ ವಾಹನಗಳೆಲ್ಲ ಒಕ್ಕೊರಲಿನಿಂದ ಹಾರ್ನ್ ಬಾರಿಸಿದವು.

"ಬಲಕ್ಕೆ ರೀ! ಎಡಕ್ಕೆ ಗುಡ್ಡ ಇದೆ!"

"ಗುಡ್ಡ ಇದ್ರೆ ರಸ್ತೆ ಇರಬಾರದು ಅಂತಿದ್ಯಾ?"

"ಅಮ್ಮನ ಕಾರ್ಯಕ್ರಮ ಇವತ್ತು, ನಿಮ್ಮದಲ್ಲ!"

ಇಬ್ಬರೂ ಅತ್ತೆಯ ಕಡೆ ತಿರುಗಿದೆವು. ಅವರು ಕ್ಷಣ ಯೋಚಿಸಿ, "ಅಳಿಯಂದಿರು ಹೇಳಿದ ಹಾಗೇ ಹೋಗೋಣ. ಗಾಡಿ ಅವರದ್ದಲ್ವಾ" ಎಂದರು. ಅದು ಸೌಜನ್ಯದ ಮಾತೆಂದು ಈಗ ತಿಳಿಯುತ್ತದೆ. ಆಗ ಮಾತ್ರ ಸರ್ವೋಚ್ಚ ನ್ಯಾಯಾಲಯವೇ ನನ್ನ ಪರ ತೀರ್ಪಿತ್ತಂತೆ ಉಬ್ಬಿಹೋದೆ.

ಎಡಕ್ಕೆ ತಿರುಗಿದೆ. ಗುಡ್ಡ ಇತ್ತು, ಒಪ್ಪಿಕೊಳ್ಳುತ್ತೇನೆ. ರಸ್ತೆಯೂ ಇತ್ತು, ಅದು ಹಾವಿನ ಹಾಗೆ ಸುತ್ತಿಕೊಂಡಿತ್ತು ಎಂಬುದು ಬೇರೆ ಮಾತು. ಕಲ್ಲು ತುಂಬಿದ ಲಾರಿಗಳು ಎದುರಿನಿಂದ ಬರುತ್ತಿದ್ದವು. ಒಂದೊಂದಕ್ಕೆ ಜಾಗ ಬಿಟ್ಟಾಗಲೂ ನನ್ನ ಅಂಗಿ ಇನ್ನಷ್ಟು ಬೆನ್ನಿಗಂಟಿತು. ಅತ್ತೆ ಭಾಷಣ ನಿಲ್ಲಿಸಿ ಬಾಗಿಲಿನ ಹಿಡಿ ಹಿಡಿದುಕೊಂಡರು.

ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ಸಣ್ಣ ದನಿ ಕೇಳಿತು. "ಸಿಗ್ನಲ್ ಹೋಯ್ತು."

ನನ್ನ ಬಾಳಿನಲ್ಲಿ ಇದಕ್ಕಿಂತ ಇಂಪಾದ ಮಾತು ಕೇಳಿದ ನೆನಪಿಲ್ಲ. ಟವರಿನ ಹಂಗಿನಲ್ಲಿ ಬದುಕುವ ಮೊಬೈಲು, ನೇರ ಆಕಾಶದ ಉಪಗ್ರಹದೊಂದಿಗೇ ಮಾತಾಡುವ ನನ್ನ ಯಂತ್ರ, ಇವೆರಡರ ಅಂತರವನ್ನು ವಿಸ್ತಾರವಾಗಿ ವಿವರಿಸಿದೆ. ಹೆಂಡತಿಯ ಮೊಬೈಲಿನ ಪರದೆಯಲ್ಲಿ ಒಂದು ಚಕ್ರ ಮಾತ್ರ ಸುಮ್ಮನೆ ಸುತ್ತುತ್ತಿತ್ತು.

ಗುಡ್ಡ ಇಳಿಯುತ್ತಿದ್ದಂತೆ ಎದುರಿಗೇ ಆಸ್ಪತ್ರೆಯ ಹೊಸ ಕಟ್ಟಡ! ಸ್ಟಿಯರಿಂಗ್ ಬಿಟ್ಟು ಕುಣಿಯುವುದೊಂದು ಬಾಕಿ. ಗೇಟು ತೆರೆದೇ ಇತ್ತು. ಒಳಗೆ ನುಗ್ಗಿ ಏರುದಾರಿ ಹತ್ತುವಾಗ ಗೋಡೆಯ ಮೇಲಿನ ಕೆಂಪಕ್ಷರ ಕಂಡಿತು: "ತುರ್ತು ಚಿಕಿತ್ಸೆ. ಆಂಬುಲೆನ್ಸ್ ಮಾತ್ರ." ಡಬ್ಬಿಯಲ್ಲಿ ಆಸ್ಪತ್ರೆಯ ಹೆಸರು ಒತ್ತಿದಾಗ ಅದು ಎರಡು ಗೇಟು ತೋರಿಸಿತ್ತು, ನಾನು ಹತ್ತಿರದ್ದನ್ನು ಆರಿಸಿದ್ದೆ. ಹಿಂದೆ ಸರಿಯೋಣವೆಂದರೆ ಬೆನ್ನಿಗೇ ಒಂದು ಆಂಬುಲೆನ್ಸ್ ಊಳಿಡುತ್ತ ನಿಂತಿತ್ತು. ಹಾಗಾಗಿ ಮುಂದಕ್ಕೇ ಹೋಗಿ ಗಾಜಿನ ಬಾಗಿಲ ಬದಿಗೆ ಕಾರು ನಿಲ್ಲಿಸಿ ಅದಕ್ಕೆ ಜಾಗ ಬಿಟ್ಟೆ.

ಗೇಟು ಯಾವುದಾದರೇನು? ಹೊತ್ತಿಗೆ ಮುಂಚೆಯೇ ತಲುಪಿದ್ದೆವು. ಕಾರಿನಿಂದ ಜಿಗಿದು, ಎದೆ ತಟ್ಟಿಕೊಂಡು ಹೆಂಡತಿಗೆ ಹೇಳಿದೆ: "ನೋಡಿದ್ಯಾ? ನೋಡಿದ್ಯಾ?"

ನೋಡಿದ್ದು ಅವಳೊಬ್ಬಳೇ ಅಲ್ಲ. ಬಾಗಿಲಲ್ಲಿದ್ದ ಎಳೆಯ ಡಾಕ್ಟರೊಬ್ಬರೂ ನೋಡಿದರು. ಮುಖ ಕೆಂಪಾಗಿ, ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತ ಎದೆ ಹಿಡಿದುಕೊಂಡ ನಡುವಯಸ್ಸಿನ ಮನುಷ್ಯ. ಅವರು ಓಡಿಯೇ ಬಂದರು.

"ಎದೆನೋವು ಯಾವಾಗ ಶುರುವಾಯ್ತು ಸಾರ್?"

"ನೋವಲ್ಲ ಡಾಕ್ಟ್ರೇ, ಹೆಮ್ಮೆ! ಅವಳು ಹೇಳಿದ ಹಾಗೇ ಬಂದೆ, ನೋಡಿ ಎಲ್ಲಿಗೆ ತಲುಪಿದೀನಿ!"

"ಯಾರು ಹೇಳಿದ್ದು?"

"ಡಬ್ಬಿಯೊಳಗೆ ಇದಾಳಲ್ಲ, ಅವಳು. ಆಕಾಶದಿಂದ ನೇರವಾಗಿ ತಿಳ್ಕೊಂಡು ಹೇಳ್ತಾಳೆ."

ಡಾಕ್ಟರ ಮುಖ ಬಿಳಿಚಿತು. "ಸ್ಟ್ರೆಚರ್!" ಎಂದು ಕೂಗಿ, ನನ್ನ ಹೆಂಡತಿಯ ಕಡೆ ತಿರುಗಿದರು. "ಎಷ್ಟು ಹೊತ್ತಿನಿಂದ ಹೀಗೆ ಮಾತಾಡ್ತಿದಾರೆ?"

ಒಂದೇ ಒಂದು ಮಾತಿನಲ್ಲಿ ಅವಳು ನನ್ನನ್ನು ಉಳಿಸಬಹುದಿತ್ತು.

"ಬೆಳಿಗ್ಗೆಯಿಂದ ಹೀಗೇ ಡಾಕ್ಟ್ರೇ" ಎಂದಳು, ತುಂಬ ಕಳವಳದಿಂದ.

ಇಬ್ಬರು ಗಟ್ಟಿಗರು ನನ್ನನ್ನೆತ್ತಿ ಮಲಗಿಸಿದರು. ಎದೆಗೆ ತಂತಿ ಅಂಟಿಸಿದರು, ತೋಳಿಗೆ ಪಟ್ಟಿ ಸುತ್ತಿದರು. ಎದೆ ಗಟ್ಟಿಯಾಗಿಯೇ ಇತ್ತು, ಬಿಪಿ ಮಾತ್ರ ಗುಡ್ಡದ ತುದಿಯಲ್ಲೇ ನಿಂತಿತ್ತು. ಸ್ವಲ್ಪ ಹೊತ್ತು ಮಲಗಿರಲೇಬೇಕು ಎಂದರು. ಆದರೆ ಅಲ್ಲಿ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ.

ಆಗ ಅತ್ತೆ ಮುಂದೆ ಬಂದರು. ಅಷ್ಟು ಹೊತ್ತು ನನ್ನ ಕಾರಿನಲ್ಲಿ ಜೀವ ಹಿಡಿದುಕೊಂಡು ಕೂತಿದ್ದವರು ಇವರೇ ಏನು! ಬೆನ್ನು ನೆಟ್ಟಗಾಗಿತ್ತು, ದನಿ ಏರಿತ್ತು.

"ಮಕ್ಕಳ ವಾರ್ಡ್ ಪೂರ್ತಿ ಖಾಲಿ ಇದೆಯಲ್ಲಪ್ಪ?"

"ಅದು ಇನ್ನೂ ಉದ್ಘಾಟನೆ ಆಗಿಲ್ಲ ಮೇಡಂ."

"ಅದಕ್ಕೇ ನಾನು ಬಂದಿರೋದು. ತಳ್ಳಿ ಗಾಡಿನ."

ಅತ್ತೆ ಮುಂದೆ, ಸ್ಟ್ರೆಚರಿನಲ್ಲಿ ನಾನು ನಡುವೆ, ಹೆಂಡತಿ ಹಿಂದೆ. ಮಲಗಿದ್ದಲ್ಲಿಂದಲೇ ನೋಡಿದೆ. ಹಳೆಯ ನರ್ಸುಗಳು ಓಡಿಬಂದು ಅವರ ಕೈ ಹಿಡಿಯುತ್ತಿದ್ದರು, ಹಿರಿಯ ಡಾಕ್ಟರೊಬ್ಬರು ಎದ್ದು ನಿಂತು ದಾರಿ ಬಿಟ್ಟರು. ಇಂಥವರ ಅಳಿಯ ನಾನು ಎಂದು ಸ್ಟ್ರೆಚರ್ ತಳ್ಳುತ್ತಿದ್ದವರಿಗೆ ಹೇಳಿಕೊಂಡೆ. (ತೋಳಿನ ಪಟ್ಟಿಯ ಯಂತ್ರ ಕೂಡಲೇ ಕುಂಯ್ ಎಂದಿತು.)

ವಾರ್ಡಿನ ಬಾಗಿಲಿಗೆ ಗುಲಾಬಿ ರಿಬ್ಬನ್ ಕಟ್ಟಿತ್ತು. ಗಣ್ಯರು ಹೂಗುಚ್ಛ ಹಿಡಿದು ಮುಖ್ಯ ದ್ವಾರದ ಕಡೆಯೇ ನೋಡುತ್ತಿದ್ದರು. ನಾವು ಹಿಂದಿನಿಂದ ಬಂದೆವು. ಅತ್ತೆ ಯಾರನ್ನೂ ಕಾಯದೆ ಕತ್ತರಿ ಎತ್ತಿಕೊಂಡು ರಿಬ್ಬನ್ ಕತ್ತರಿಸಿದರು. ಚಪ್ಪಾಳೆ ಬಿತ್ತು. ಕ್ಯಾಮೆರಾಗಳು ಮಿಂಚುತ್ತಿದ್ದಂತೆ ನನ್ನ ಸ್ಟ್ರೆಚರು ಎಲ್ಲರಿಗಿಂತ ಮೊದಲು ಒಳಹೊಕ್ಕಿತು. ಮೊಲದ ಚಿತ್ರವಿದ್ದ ಮಂಚ, ಕಾಲು ಹಿಡಿಸದೆ ಮಡಚಿದ ಮಂಡಿ, ಮೂಗಿನ ನೇರಕ್ಕೆ ತೂಗುವ ಬಟ್ಟೆಯ ಮೀನು. ಇದು ನನ್ನ ಭಂಗಿ.

ಅತ್ತೆ ಭಾಷಣ ಶುರುಮಾಡಿದರು. "ಎಷ್ಟೋ ಸಾವಿರ ಮಕ್ಕಳನ್ನ ನೋಡಿದೀನಿ. ಹಟ ಮಾಡೋರು, ಹೇಳಿದ ಮಾತು ಕೇಳದೆ ಇರೋರು, ಆಟದ ಸಾಮಾನು ಬಿಟ್ಟುಕೊಡದೆ ಇರೋರು. ಈ ವಾರ್ಡಿನ ಮೊದಲ ಮಗು ನಮ್ಮ ಮನೆಯದೇ ಆಗಿದ್ದು ನನಗೆ ಹೆಮ್ಮೆ."

ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಡತಿಯಂತೂ ಕಣ್ಣೊರೆಸಿಕೊಳ್ಳುತ್ತಲೇ ಮೊಬೈಲಿನಲ್ಲಿ ನನ್ನ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದಳು. ಅಲ್ಲಿ ಸಿಗ್ನಲ್ ತುಂಬ ಚೆನ್ನಾಗಿತ್ತು.

ಬಿಪಿ ಇಳಿದ ಮೇಲೆ ಒಬ್ಬ ನರ್ಸ್ ಬಂದು ತಂತಿ ಬಿಚ್ಚಿದಳು. ಅಭ್ಯಾಸಬಲವೋ ಏನೋ, ಜೇಬಿನಿಂದ ಚಿನ್ನದ ಬಣ್ಣದ ಒಂದು ನಕ್ಷತ್ರ ತೆಗೆದು ನನ್ನ ಅಂಗಿಗೆ ಅಂಟಿಸಿದಳು. ಅದರ ಮೇಲೆ "ಅಳದ ಜಾಣ ಮಗು" ಎಂದು ಬರೆದಿತ್ತು.

ವಾಪಸು ಬರುವಾಗ ಕಾರು ಹೆಂಡತಿಯ ಕೈಯಲ್ಲಿತ್ತು, ನಾನು ಹಿಂದಿನ ಸೀಟಿನಲ್ಲಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಮ್ಮಾ, ಆ ನಕ್ಷತ್ರನ ಕಿತ್ತುಹಾಕೋಕೆ ಹೇಳು ಇವರಿಗೆ" ಎಂದಳು.

"ಇರಲಿ ಬಿಡೇ" ಎಂದರು ಅತ್ತೆ. "ಅದನ್ನ ಅತ್ತವರಿಗೆ ಕೊಡಲ್ಲ."

ಅಂಗಿಯ ಸುಕ್ಕು ಸರಿಮಾಡಿಕೊಂಡು, ನಕ್ಷತ್ರ ಹೊರಗಿನವರಿಗೂ ಕಾಣಲೆಂದು ನಾನು ಕಿಟಕಿಯ ಪಕ್ಕಕ್ಕೆ ಸರಿದು ಕೂತೆ.