ಸಿಚುವಾನಿನ ಊಟ, ಬ್ಯಾಡಗಿಯ ನಾಲಿಗೆ

ಹೊಟ್ಟೆಪಾಡಿಗೆ ಪರದೇಶಕ್ಕೆ ಬಂದವನಿಗೆ ಊಟದ ವಿಷಯದಲ್ಲಿ ಒಂದಲ್ಲ ಒಂದು ಫಜೀತಿ ಇದ್ದದ್ದೇ. ನನ್ನ ಫಜೀತಿಗಳಿಗೆ ಮಾತ್ರ ನಾನೇ ಕಾರಣ. ಹಾಗಾಗಿ ನೆನೆದು ನಗುವಾಗಲೂ ಸ್ವಲ್ಪ ತಲೆ ತಗ್ಗಿಸಿಯೇ ನಗುತ್ತೇನೆ.

ನಾನು ಬ್ಯಾಡಗಿ ಕಡೆಯವನು, ಕೊಲ್ಲಿ ದೇಶದ ಮೀನಾ ಅಬ್ದುಲ್ಲಾದ ಪ್ಲಾಂಟೊಂದರಲ್ಲಿ ಟೆಕ್ನೀಶಿಯನ್. ಮೂರು ವರ್ಷ ಮಧ್ಯಾಹ್ನದ ಊಟಕ್ಕೆ ನನ್ನೆದುರು ಕೂತವರು ಚೀನಾದ ಸಿಚುವಾನ್ ಪ್ರಾಂತದ ವೆಲ್ಡಿಂಗ್ ಇನ್ಸ್‌ಪೆಕ್ಟರ್, ನನಗಿಂತ ಹಿರಿಯರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರು ಚೀನಿಯಲ್ಲಿ ಹೇಳಿದ್ದನ್ನು ಅವರ ಫೋನು ಹಿಂದಿಯಲ್ಲಿ ಹೇಳುತ್ತಿತ್ತು.

೧. ಕಪ್ಪು ಮೊಟ್ಟೆ

ಮೊದಲ ವಾರವೇ ಒಂದು ಮೊಟ್ಟೆ ಸುಲಿದು ನನ್ನ ಮುಂದಿಟ್ಟರು. ಬೆಳ್ಳಗಿರಬೇಕಾದ್ದು ಡಿಕಾಕ್ಷನ್ ಬಣ್ಣ, ಒಳಗಿನ ಹಳದಿ ಕಡುಹಸಿರು. ಬೂದಿ, ಸುಣ್ಣದಲ್ಲಿ ತಿಂಗಳುಗಟ್ಟಲೆ ಇಟ್ಟು ಹದ ಮಾಡುತ್ತಾರೆಂದು ನನಗೇನು ಗೊತ್ತು? ಫೋನು, ಇದು ಬಹಳ ಹಳೆಯ ಮೊಟ್ಟೆ, ದಯವಿಟ್ಟು ತಿನ್ನಿ ಅಂದಿತು. ನಾನು ಗಾಬರಿಯಲ್ಲಿ, ಅಪ್ಪಟ ಸಸ್ಯಾಹಾರಿ, ಮೊಟ್ಟೆ ಮುಟ್ಟುವುದೂ ಇಲ್ಲ ಅಂದುಬಿಟ್ಟೆ. ಪಾಪ, ಅವರು ಎದ್ದು ನಿಂತು ಕ್ಷಮೆ ಕೇಳಿ ಅದನ್ನು ವಾಪಸ್ ತೆಗೆದುಕೊಂಡರು.

ನನ್ನ ಡಬ್ಬಿಯಲ್ಲಿದ್ದದ್ದು ಚಿಕನ್ ಸಾರು. ಮುಚ್ಚಳ ತೆಗೆಯುವಂತಿಲ್ಲ. ಬರೀ ರೊಟ್ಟಿ ತಿಂದು ಎದ್ದೆ.

೨. ಜುಮ್ ಅಂದ ನಾಲಿಗೆ

ಮರುವಾರ ಮಾಪೋ ತೋಫು ತಂದರು. ಸೋಯಾ ಹಾಲಿನ ಪನೀರಿನಂಥದ್ದನ್ನು ಖಾರದಲ್ಲಿ ಬೇಯಿಸಿದ ಪಲ್ಯ. ಅವರ ಊರಲ್ಲಿ ಅದಕ್ಕೆ ಮಾಂಸದ ಚೂರು ಹಾಕುತ್ತಾರಂತೆ. ನನಗೋಸ್ಕರ ಅದನ್ನು ಹಾಕಿರಲಿಲ್ಲ. ಇನ್ನು ತಪ್ಪಿಸಿಕೊಳ್ಳುವುದು ಹೇಗೆ? ನಾಲ್ಕು ತುತ್ತಿಗೆ ನಾಲಿಗೆ ಜುಮ್ಮೆಂದಿತು, ಆಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಲಕ್ವಾ ಹೊಡೆಯಿತೆಂದು ಡಬ್ಬಿ ಸಮೇತ ಪ್ಲಾಂಟಿನ ಕ್ಲಿನಿಕ್ಕಿಗೆ ಓಡಿದೆ.

ಅಲ್ಲಿನ ನರ್ಸ್ ಕುಮಟಾ ಕಡೆಯವರು. ಬಿ.ಪಿ. ನೋಡಿದರು, ಡಬ್ಬಿ ಮೂಸಿದರು. "ಇದರಲ್ಲಿರೋದು ನಮ್ಮ ಜುಮ್ಮನಕಾಯಿ ಜಾತಿದೇ ಅಣ್ಣ, ನಾಲಿಗೆ ಜುಮ್ ಅನ್ನಿಸ್ತದೆ ಅಷ್ಟೇ, ನಾವು ಮೀನ್ ಸಾರಿಗೆ ಹಾಕ್ತೇವೆ" ಅಂದರು. ಔಷಧಿ ಕೊಡಲಿಲ್ಲ. ಉಳಿದ ತೋಫು ಮಾತ್ರ ಇಟ್ಟುಕೊಂಡರು.

೩. ಕೋಳಿ ಯಾರದು?

ಸುಮಾರು ಮೂರು ವರ್ಷ ಅವರು ನನಗೆಂದೇ ಬೇರೆ ಅಡುಗೆ ಮಾಡಿ ತರುತ್ತಿದ್ದರು, ನಾನೂ ಸಸ್ಯಾಹಾರಿಯ ವೇಷ ಬಿಡಲಿಲ್ಲ. ಕೊನೆಗೆ ಒಂದು ಶುಕ್ರವಾರ ಮಂಗಫ್‌ನ ಹೋಟೆಲಿನಲ್ಲಿ ಎರಡೂ ಕೈಯಲ್ಲಿ ಕೋಳಿ ಕಾಲು ಹಿಡಿದು ಕೂತಿದ್ದೆ. ತಲೆ ಎತ್ತಿದರೆ ಎದುರಿಗೆ ಅವರು, ರೊಟ್ಟಿ ಕೊಳ್ಳಲು ಬಂದಿದ್ದರು. ನೋಡಿದರು, ಸಣ್ಣಗೆ ನಕ್ಕು ಹೊರಟುಹೋದರು.

ಆಮೇಲೆ ಅವರ ಡಬ್ಬಿ ನನ್ನ ಕಡೆ ಸರಿಯಲಿಲ್ಲ. ಆಗಲೇ ನನಗೆ ಅದರ ಬೆಲೆ ತಿಳಿದದ್ದು. ಅಷ್ಟು ವರ್ಷ ಇನ್ನೊಬ್ಬನಿಗೋಸ್ಕರ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದ್ದ ಮನುಷ್ಯ. ವಾರವಿಡೀ ಬಸ್ಸಿನಲ್ಲಿ ಅಭ್ಯಾಸ ಮಾಡಿ, ಕೊನೆಗೆ ಅವರ ಫೋನಿಗೇ ಹಿಂದಿಯಲ್ಲಿ ಹೇಳಿದೆ, ನಾನು ಕೋಳಿ ತಿಂದೆ, ಕ್ಷಮಿಸಿ ಎಂದು.

ಫೋನು ಚೀನಿಯಲ್ಲಿ ಏನು ಹೇಳಿತೋ. ಅವರು ತಮ್ಮ ಡಬ್ಬಿಯೊಳಗೊಮ್ಮೆ ಇಣುಕಿ ನೋಡಿ ಉತ್ತರ ಕೊಟ್ಟರು: "ಚಿಂತೆ ಬೇಡ, ಆ ಕೋಳಿ ನನ್ನದಲ್ಲ."

೪. ಪಟ್ಟಿಯ ಮೊದಲನೆಯದು

ನಾನು ರಜೆಗೆ ಊರಿಗೆ ಹೋದಾಗ ಅವರ ಕಾಂಟ್ರಾಕ್ಟ್ ಮುಗಿಯಿತು. ಬೀಳ್ಕೊಡಲೂ ಆಗಲಿಲ್ಲ. ವಾಪಸ್ ಬಂದಾಗ ನನ್ನ ಲಾಕರಿನಲ್ಲಿ ಒಂದು ಚೀಟಿ ಸಿಕ್ಕಿತು. ನಮ್ಮೂರಿಗೆ ಬಂದರೆ ಇವನ್ನು ತಿನ್ನಬೇಕು ಎಂದು ಎಂಟು ಹೆಸರು, ಚೀನಿಯಲ್ಲೂ ಇಂಗ್ಲಿಷಿನಲ್ಲೂ. ಎಲ್ಲಕ್ಕಿಂತ ಮೇಲೆ ಕೋಳಿಯದ್ದು.

ಸಿಚುವಾನಿಗೆ ಹೋಗುವುದು ಎಂದಿಗೋ. ಇಲ್ಲೇ ಹವಲ್ಲಿಯ ಚೈನೀಸ್ ಹೋಟೆಲಿಗೆ ಹೋಗಿ ಚೀಟಿ ತೋರಿಸಿದೆ. ತಟ್ಟೆ ತುಂಬ ಹುರಿದ ಕೆಂಪು ಮೆಣಸಿನಕಾಯಿ ಬಂತು, ಕೋಳಿ ಅಲ್ಲೊಂದು ಇಲ್ಲೊಂದು ಚೂರು. ಈ ಸಲ ಒಂದನ್ನೂ ಬಿಡಬಾರದೆಂದು ತೀರ್ಮಾನಿಸಿ ಒಂದು ಕಡೆಯಿಂದ ಮೆಣಸಿನಕಾಯಿ ಅಗಿಯುತ್ತಾ ಬಂದೆ. ಅರ್ಧ ತಟ್ಟೆ ಖಾಲಿಯಾಗುವಷ್ಟರಲ್ಲಿ ಕಣ್ಣು, ಮೂಗು ಎರಡೂ ಧಾರಾಕಾರ.

ನೇಪಾಳದ ವೇಟರ್ ನೀರು ತಂದಿಟ್ಟು, ಯಾರಾದರೂ ನೆನಪಾದರಾ ಸರ್ ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದ. ಹೌದು ಅಂದೆ. ಸುಳ್ಳೇನೂ ಅಲ್ಲ.

ಅವನು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ: "ಸರ್, ಮೆಣಸಿನಕಾಯಿ ತಿನ್ನೋದಕ್ಕಲ್ಲ. ಅದನ್ನ ಸರಿಸಿ ಕೋಳಿ ಹುಡುಕಬೇಕು."