ಹುಲ್ಲಿನ ವಿಧವೆ

ಇಂಗ್ಲಿಷ್ ಶಬ್ದಗಳ ಮೇಲೆ ನನಗೆ ನಂಬಿಕೆ ಕಡಿಮೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳ ಬಾಯಲ್ಲಿ ಇಂಥ ಮಾತು ಬರಬಾರದು, ನಿಜ. ಆದರೆ ಅನುಭವ ಹಾಗಿದೆ. ಮದುವೆಯಾದ ಹೊಸದರಲ್ಲಿ ಪುಣೆಯ ಕ್ಯಾಂಪ್ ಬಡಾವಣೆಯ ಹೋಟೆಲೊಂದರಲ್ಲಿ ಮೆನು ನೋಡಿ, ಚಹಾದ ಜೊತೆ ಚೆನ್ನಾಗಿರುತ್ತದೆಂದು ‘ಸ್ವೀಟ್‌ಬ್ರೆಡ್’ ಹೇಳಿದ್ದೆ. ಅದು ಸಿಹಿಯೂ ಅಲ್ಲ, ಬ್ರೆಡ್ಡೂ ಅಲ್ಲ, ಕರುವಿನ ಮೈಯೊಳಗಿನ ಯಾವುದೋ ಗ್ರಂಥಿ ಎಂದು ಮಾಣಿ ಪುಣ್ಯಕ್ಕೆ ಮೊದಲೇ ಹೇಳಿದ. ಅಂದಿನಿಂದ ಯಾವ ಶಬ್ದವನ್ನೂ ನಿಘಂಟಿನಲ್ಲಿ ತಡವಿ ನೋಡದೆ ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ತೊಂಬತ್ತರ ದಶಕದ ನಡುವೆ, ನಾವು ಪುಣೆಯ ಖಡಕಿಯಲ್ಲಿದ್ದಾಗ, ನಮ್ಮವರನ್ನು ಕಂಪನಿಯವರು ತಳೇಗಾಂವದ ಹೊಸ ಕಾರ್ಖಾನೆಗೆ ಹಾಕಿದರು. ಸೋಮವಾರ ಹೋದರೆ ಶನಿವಾರವೇ ಬರುವುದು. “ಪಾಳಿ ಮುಗಿಯೂದ್ರಾಗ ಲೋಕಲ್ ರೈಲು ತಪ್ಪತದ” ಎಂದು ಅಲ್ಲೇ ಒಂದು ಕೋಣೆ ಹಿಡಿದರು. ನಾನೂ ನಂಬಿದೆ.

ಆ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಅರಿಷಿಣ-ಕುಂಕುಮ. ಕೆಳಗಿನ ಮನೆಯ ಜೋಶಿಕಾಕು ನನ್ನ ಹಣೆಗೆ ಕುಂಕುಮ ಹಚ್ಚಲು ಬೆರಳೆತ್ತಿದ್ದರು. ಅಷ್ಟರಲ್ಲಿ ಎದುರುಮನೆಯ ಮಿಸೆಸ್ ಪಿಂಟೋ ಕೇಕಿನ ತಟ್ಟೆ ಹಿಡಿದು ಒಳಗೆ ಬಂದವರು, ನನ್ನ ಹೆಗಲ ಮೇಲೆ ಕೈಹಾಕಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, “ಪಾಪ, ಇವರೇ ನಮ್ಮ ಗ್ರಾಸ್ ವಿಡೋ” ಎಂದರು. ಜೋಶಿಕಾಕುವಿನ ಬೆರಳು ನನ್ನ ಹಣೆಯಿಂದ ಎರಡಂಗುಲ ದೂರದಲ್ಲಿ ನಿಂತುಬಿಟ್ಟಿತು.

ಒಳಕೋಣೆಯಲ್ಲಿದ್ದ ನಮ್ಮ ಅತ್ತೆಗೂ ಕೇಳಿಸಿತ್ತು. ಹೆಂಗಸರೆಲ್ಲ ಹೋದ ಮೇಲೆ ಹೊರಗೆ ಬಂದು ಕೇಳಿದರು: “ಸುಮಿತ್ರಾ, ಅಕಿ ನಿನಗ ವಿಡೋ ಅಂದ್ಲಲ್ಲ?”

“ಅದು ಬ್ಯಾರೆ ಅತ್ತಿ. ಗ್ರಾಸ್ ವಿಡೋ. ಗ್ರಾಸ್ ಅಂದ್ರ ಹುಲ್ಲು.”

“ಹುಲ್ಲರ ಇರಲಿ, ಕಡ್ಡಿಯರ ಇರಲಿ. ನನ್ನ ಪಿಂಚಣಿ ಕಾಗದದ ಮ್ಯಾಲ ಇಪ್ಪತ್ತು ವರ್ಷದಿಂದ ಅದ ಆ ಶಬ್ದ. ನನಗ ಬರೋ ಇಂಗ್ಲಿಷ್ ಅದೊಂದೇ. ನನ್ನ ಮಗ ಅಲ್ಲೆ ಗಟ್ಟಿ ಇದ್ದಾನ.”

ನಿಘಂಟು ತೆಗೆದೆ. ಗಂಡ ಪರವೂರಿನಲ್ಲಿರುವ ಹೆಂಡತಿ ಎಂದಿತ್ತು. ಅಲ್ಲಿಗೇ ಮುಚ್ಚಿದ್ದರೆ ನಾನು ಜಾಣೆ. ಶಬ್ದದ ಅರ್ಥ ನೋಡಿದರೆ ಸಾಲದು, ಹುಟ್ಟನ್ನೂ ನೋಡಬೇಕೆಂದು ಕಲಿಸಿದ್ದರು ನಮ್ಮ ಸಿಸ್ಟರು. ಸಣ್ಣ ಅಕ್ಷರದಲ್ಲಿ ಬರೆದಿತ್ತು: ಹಿಂದಿನ ಕಾಲದಲ್ಲಿ, ಗಂಡಸು ಕೈಬಿಟ್ಟ ಹೆಂಗಸು; ಹುಲ್ಲು ಎಂದರೆ ಪ್ರಾಯಶಃ ಅವರ ಕದ್ದುಮುಚ್ಚಿನ ಹಾಸಿಗೆ.

ಮಿಸ್ಟರ್ ಪಿಂಟೋ ಅದೇ ಕಾರ್ಖಾನೆ, ಅದೇ ಪಾಳಿ. ಅವರು ಮಾತ್ರ ದಿನಾ ಲೋಕಲ್ ಹಿಡಿದು ಏಳಕ್ಕೆಲ್ಲ ಮನೆಯಲ್ಲಿ ಸೂಪು ಕುಡಿಯುತ್ತಾರೆ. ತಪ್ಪುವುದು ನಮ್ಮವರಿಗಷ್ಟೇ ಹೇಗೆ? ಮಿಸೆಸ್ ಪಿಂಟೋ ಯಾವ ಅರ್ಥದಲ್ಲಿ ಅಂದರು? ಆ ‘ಪಾಪ’ ಯಾಕೆ? ಶನಿವಾರ ನಮ್ಮವರು ತರುವ ಒಗೆಯುವ ಬಟ್ಟೆ ನೆನಪಾಯಿತು. ಆರು ದಿನಕ್ಕೆ ಆರು ಅಂಗಿ, ಎಲ್ಲ ಇಸ್ತ್ರಿ ಮಾಡಿಸಿ ತೊಟ್ಟವು. ಖಡಕಿಯಲ್ಲಿದ್ದಾಗ ಒಂದೇ ಅಂಗಿಯಲ್ಲಿ ಮೂರು ದಿನ ತಳ್ಳುತ್ತಿದ್ದ ಮನುಷ್ಯ.

ಅತ್ತೆಗೆ ಹೇಳಿದೆ. ಅವರು “ನಡಿ, ನೋಡೇ ಬರೋಣು” ಎಂದು ಚಪ್ಪಲಿ ಮೆಟ್ಟಿದರು.

ಬುಧವಾರ ಸಂಜೆ ತಳೇಗಾಂವದಲ್ಲಿ ಇಳಿದಾಗ ಕೋಣೆಗೆ ಬೀಗ. ಮನೆಯೊಡತಿ ಮರಾಠಿಯಲ್ಲಿ ಅಂದಳು: “ಅವರು ಮ್ಯಾಡಮ್ ಮನೆಗೆ ಹೋಗಿದ್ದಾರೆ. ದಿನಾ ಹೋಗ್ತಾರೆ. ಮ್ಯಾಡಮ್ ಭಾಳ ಪ್ರೇಮಳ.”

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಮ್ಯಾಡಮ್ ಮನೆ ಮೂರನೆಯ ಓಣಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅರವತ್ತೈದು ದಾಟಿದ, ಬೆಳ್ಳಿಗೂದಲಿನ ನಿವೃತ್ತ ಶಿಕ್ಷಕಿ ಕರಿಹಲಗೆಯ ಮುಂದೆ ನಿಂತಿದ್ದರು. ಬೆಂಚುಗಳ ಮೇಲೆ ಎಂಟು ಜನ ಕಾರ್ಖಾನೆಯ ಕೆಲಸಗಾರರು. ಎರಡನೆಯ ಸಾಲಿನಲ್ಲಿ ಇಸ್ತ್ರಿ ಅಂಗಿಯ ನಮ್ಮವರು, ಮಗ್ಗಿ ಹೇಳುವಂತೆ, “ಐ ಹ್ಯಾವ್ ಬೀನ್ ವರ್ಕಿಂಗ್” ಎನ್ನುತ್ತಿದ್ದರು.

ಹೊರಗೆ ಬಂದು ತಲೆ ತಗ್ಗಿಸಿ ನಿಂತರು. “ಹೊಸ ಸಾಹೇಬ್ರಿಗೆ ಎಲ್ಲಾ ಇಂಗ್ಲಿಷ್‌ನಾಗ ಹೇಳಬೇಕು. ಮನ್ಯಾಗ ಕಲಿಯೋಣಂದ್ರ, ಒಂದು ಮಾತು ಮುಗಿಯೂದ್ರಾಗ ನೀ ನಡುವ ತಡದು ತಿದ್ದತೀ. ಇಲ್ಲೆ ತಪ್ಪಾದ್ರ ಎಲ್ಲಾರೂ ಕೂಡೇ ನಗತೀವಿ.”

ಅತ್ತೆ ನನ್ನ ಮುಖ ನೋಡಲಿಲ್ಲ, ಅದು ಅವರ ಉಪಕಾರ. ಕಡೆಗೆ ಹೇಳಿದೆ: “ಇನ್ನ ನಾ ಬಾಯಿ ಹಾಕೂದಿಲ್ರಿ. ಕ್ಲಾಸ್ ಮುಗಿಸಿಕೊಂಡು ದಿನಾ ಮನಿಗೇ ಬರ್ರಿ.”

ಅವರ ಮುಖ ಅರಳಿತು. “ಹಂಗಾದ್ರ ನಾಳೆಯಿಂದನ ಲೋಕಲ್ ಹಿಡೀತೀನಿ” ಎಂದರು. ಸ್ಟೇಷನ್ನಿಗೆ ನಡೆಯುವಾಗ ಅರಿಷಿಣ-ಕುಂಕುಮದ ಕಥೆಯೆಲ್ಲ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಅಂದ್ರ ಇಷ್ಟು ದಿವಸ ಇಲ್ಲೆ ನಾನೂ ಗ್ರಾಸ್ ವಿಡೋನೇ ಆಗಿದ್ದೆ ಅನ್ನು.”

“ವಿಡೋವರ್,” ಎಂದೆ. “ಗಂಡಸರಿಗೆ ವಿಡೋವರ್ ಅನ್ನಬೇಕ್ರಿ.”

ಲೋಕಲ್ ಬಂತು. ಅತ್ತೆಯನ್ನು ಮೊದಲು ಹತ್ತಿಸಿ, ನನ್ನ ಕೈಗೆ ಚೀಲ ಕೊಟ್ಟು, ಅವರು ಮೆಲ್ಲಗೆ ಅಂದರು: “ಶನಿವಾರ ಬರ್ತೀನಿ.”